ಸಾಲಿನ ಮೊದಲ ಡಬರಿ

ಗೆಳೆಯರೇ, ಬೆಳಿಗ್ಗೆ ಅಂಬಲಿ ಹಂಚುವಾಗ ನಡೆದದ್ದನ್ನು ಹೇಳುತ್ತೇನೆ. ನಗುವವರು ನಕ್ಕುಬಿಡಿ.

ಯುದ್ಧದಿಂದಾಗಿ ಜೋಳಕ್ಕೆ ರೇಷನ್ ಬಂದ ಮೇಲೆ ಜೋರಾಪುರ ಪೇಟೆಯ ನಮ್ಮ ಚರ್ಚಿನ ಅಂಗಳದಲ್ಲಿ ಎಲ್ಲರಿಗೂ ಅಂಬಲಿ ಕೊಡುತ್ತೇವೆ. ಜನ ತಮ್ಮ ಡಬರಿ ಪಾತ್ರೆಗಳನ್ನು ಸಾಲಾಗಿಟ್ಟು ಗೋಡೆಗೆ ಒರಗಿ ಕೂರುತ್ತಾರೆ. ನಮ್ಮ ನಿಯಮ ಒಂದೇ: ಡಬರಿ ಯಾರದೆಂದು ಕೇಳಬಾರದು, ಸರದಿ ಬಂದರೆ ತುಂಬಬೇಕು.

ಇಂದು ಎಲ್ಲಕ್ಕಿಂತ ಮುಂದೆ ಅಂಚು ನೆಗ್ಗಿದ ಒಂದು ಡಬರಿ ಇತ್ತು. ಒಳಗೆ ಹಸಿ ಮಣ್ಣು. ಅದು ಓಣಿ ಗುಡಿಸುವ ದುರ್ಗವ್ವನದು. ಮೊನ್ನೆ ಕಾಲರಾದಿಂದ ಸತ್ತ ಅವಳನ್ನು ಹೂಳುವಾಗ ಅದನ್ನು ಕುಣಿಯಲ್ಲಿ ಇಟ್ಟವಳೇ ನಾನು.

ನಿಯಮ ಮರೆತು ಕೇಳಿಯೇಬಿಟ್ಟೆ: "ಯಾರು ತಂದ್ರಿ ಇದನ್ನ?"

"ಯಾರ ಡಬರಿ ಅಂತ ಕೇಳೇ ತುಂಬಬೇಕು" ಎಂದು ದಿನಾ ಜಗಳ ತೆಗೆಯುವ ಬಸಪ್ಪಜ್ಜನೇ ಕೈಮುಗಿದು ಪಿಸುಗುಟ್ಟಿದ: "ಯವ್ವಾ, ಏನೂ ಕೇಳಬ್ಯಾಡ ಬೇ. ಮೊದಲ ಆಕಿದು ತುಂಬಿಬಿಡು."

ತೊಳೆದು ತುಂಬಿದೆ. ಉಳಿದವರಿಗೆಲ್ಲ ಹಾಕಿ ತಿರುಗಿ ನೋಡಿದರೆ ಡಬರಿ ಖಾಲಿಯಾಗಿತ್ತು. ದುರ್ಗವ್ವ ಉಂಡ ಮೇಲೆ ಇಡುತ್ತಿದ್ದ ಹಾಗೆಯೇ ಬೋರಲಾಗಿತ್ತು. ಅದರ ಹತ್ತಿರ ಯಾರೂ ಸುಳಿದಿರಲಿಲ್ಲ.

ಅವಳು ಬದುಕಿದ್ದಾಗ ಇದೇ ಜನ ಆ ಡಬರಿಯನ್ನು ಕೋಲಿನಿಂದ ತಳ್ಳಿ ಸಾಲಿನ ಕೊನೆಗೆ ಹಾಕುತ್ತಿದ್ದರು. ಎರಡು ವರ್ಷದ ನಮ್ಮ ಬೋಧನೆಯಿಂದ ಆಗದ್ದನ್ನು ದುರ್ಗವ್ವ ಸತ್ತ ಮೂರನೇ ದಿನಕ್ಕೆ ಮಾಡಿಸಿದಳು.