ಭಾವ ಮೂರು ಸಲ ಕೂಗಿದರು

ನನ್ನ ಭಾವ ನೆಜ್ಮೆತ್ತಿನ್ ಹೊಟ್ಟೆಪಾಡಿಗೆ ಕರಾದೆರೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವರು. ಫುಟ್‌ಬಾಲ್ ಪಂದ್ಯ ಬಂತೆಂದರೆ ಸ್ಟೇಡಿಯಮ್ಮಿನ ಮೈಕಿಗೆ ಹಾಜರು. ನಮ್ಮ ಕಡೆ ಊರಿನ ತಂಡ ಗೋಲು ಹೊಡೆದರೆ ಮೈಕಿನವನು ಆಟಗಾರನ ಹೆಸರು ಕೂಗಬೇಕು, ಮನೆತನದ ಹೆಸರನ್ನು ಜನ ಕೂಗಬೇಕು. ಮೂರು ಸಲ.

"ನೆಜ್ಮೆತ್ತಿನ್, ಅಂಕಾರಾ ಬಸ್ಸಿನ ಮನೆತನದ ಹೆಸರು ಏನಪ್ಪಾ?" ಎಂದು ಡ್ರೈವರುಗಳು ರೇಗಿಸುತ್ತಿದ್ದರು.

ಇಪ್ಪತ್ತೆರಡು ವರ್ಷ ಭಾವನಿಗೆ ಉತ್ತರ ಕೊಟ್ಟವರು ಹೆಚ್ಚೆಂದರೆ ಅರವತ್ತು ಮಂದಿ. ನಮ್ಮೂರ ತಂಡ ಕರಾದೆರೆಸ್ಪೋರ್ ಕೆಳಗಿನ ಲೀಗುಗಳಲ್ಲೇ ಕೊಳೆಯುತ್ತಿತ್ತು. ನಮ್ಮ ಫುಟ್‌ಬಾಲ್ ದೊಡ್ಡವರ ಬುದ್ಧಿಯೂ ನೋಡಿ, ಎರಡನೇ ಮೆಟ್ಟಿಲಿಗೆ ಮೊದಲ ಲೀಗ್ ಅಂತ ಹೆಸರಿಟ್ಟಿದ್ದಾರೆ, ಮೂರನೆಯದಕ್ಕೆ ಎರಡನೇ ಲೀಗ್. ಅವನ್ನೆಲ್ಲ ಹತ್ತುವಷ್ಟರಲ್ಲಿ ಭಾವನ ತಲೆ ಬೆಳ್ಳಗಾಯಿತು.

"ತುಂಬಿದ ಸ್ಟೇಡಿಯಂ ಒಂದೇ ಒಂದ್ಸಲ ನಂಗೆ ಉತ್ತರ ಕೊಡ್ಲಿ ಕಣೋ, ಸಾಕು," ಅನ್ನುತ್ತಿದ್ದರು.

ಕಡೆಗೂ ಎಲ್ಲಕ್ಕಿಂತ ಮೇಲಿನ ಸೂಪರ್ ಲೀಗಿಗೆ ಏರಿದೆವು. ಜನವರಿಯಲ್ಲಿ ನಮ್ಮೂರಿಗೆ ಆಡಲು ಇಸ್ತಾಂಬುಲ್ಲಿನ ದೊಡ್ಡ ತಂಡ ಫೆನರ್‌ಬಾಹ್ಚೆ ಬಂತು. ಹನ್ನೆರಡು ಸಾವಿರ ಸೀಟೂ ಭರ್ತಿ. ಅಕ್ಕ ಬೆಳಿಗ್ಗೆಯೇ ಗಂಡನ ಗಂಟಲಿಗೆಂದು ಜೇನು ಹಾಕಿ ಕಷಾಯ ಕೊಟ್ಟಿದ್ದಳು.

ಆದರೆ ಬಂದು ತುಂಬಿದವರು ಯಾರು? ಇಡೀ ಅನಾತೋಲಿಯಾಕ್ಕೆ ಹಿಡಿದ ರೋಗ ಇದು. ಯಾವ ಊರಲ್ಲೇ ಹುಟ್ಟಲಿ, ಗಲಾತಸರಾಯ್, ಫೆನರ್‌ಬಾಹ್ಚೆ, ಬೆಶಿಕ್ತಾಶ್, ಇಸ್ತಾಂಬುಲ್ಲಿನ ಈ ಮೂರು ತಂಡಗಳಲ್ಲಿ ಒಂದು ತೊಟ್ಟಿಲಲ್ಲೇ ಅಂಟಿಕೊಳ್ಳುತ್ತದೆ. ನನಗೆ ಅಪ್ಪನಿಂದ ಬಂದದ್ದು ಫೆನರ್. ಕೊರಳಿಗೆ ಊರಿನ ಹಸಿರು ಶಾಲು, ಜಾಕೆಟ್ಟಿನೊಳಗೆ ಫೆನರ್ ತಂಡದ ಹಳದಿ-ನೀಲಿ ಅಂಗಿ. ಅಕ್ಕಪಕ್ಕದವರದೂ ಅದೇ ವೇಷ.

ಎಪ್ಪತ್ತನೇ ನಿಮಿಷದಲ್ಲಿ ನಮ್ಮೂರಿನವನೇ ಆದ ಇಲ್ಕೆರ್ ಬೊಸ್ತಾನ್ ತಲೆ ಕೊಟ್ಟು ಗೋಲು ಹೊಡೆದ.

"ಇಲ್ಕೆರ್..." ಭಾವನ ದನಿ ಸ್ಟೇಡಿಯಂ ತುಂಬಿತು.

ಮೂಲೆಯಲ್ಲಿದ್ದ ಆ ಹಳೇ ಅರವತ್ತು ಮಂದಿ ಬೊಸ್ತಾನ್ ಅಂದರು, ಗಾಳಿಗೆ ಹೋಯಿತು. ಉಳಿದ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಭಾವ ಮೈಕು ತಟ್ಟಿ ನೋಡಿ ಎರಡನೇ ಸಲ ಕೂಗಿದರು. ಮೂರನೇ ಸಲ ದನಿ ಒಡೆಯಿತು. ಥೂ, ನನಗಾದರೂ ಏನಾಗಿತ್ತು? ಒಂದು ಹೆಸರು ತಾನೇ. ಬಾಯಿಗೆ ಬಂದದ್ದನ್ನು ಪಕ್ಕದವನು ಕೇಳಿಸಿಕೊಂಡಾನು ಅಂತ ನುಂಗಿಕೊಂಡೆ. ಐದು ನಿಮಿಷಕ್ಕೆ ಫೆನರ್ ಸಮ ಮಾಡಿದಾಗ ಮಾತ್ರ ಯಾರೂ ಕರೆಯದೆಯೇ ಎದ್ದು ಕುಣಿದೆ. ಕುಣಿದು ಸೆಕೆಯಾಗಿ ಜಾಕೆಟ್ಟಿನ ಜಿಪ್ ಬಿಚ್ಚಿದ್ದು ಆಮೇಲೆ ನೆನಪೇ ಇರಲಿಲ್ಲ.

ಪಂದ್ಯ ಮುಗಿದ ಮೇಲೆ ಭಾವ ಗೇಟಿನ ಹತ್ತಿರ ಸಿಕ್ಕರು.

"ಎಲ್ಲಿ ಕೂತಿದ್ಯೋ?"

"ಗೋಲಿನ ಹಿಂದೆ, ಭಾವ."

"ನನ್ನ ದನಿ ಅಲ್ಲಿಗೆ ಬರ್ಲಿಲ್ವಾ? ಮೈಕು ಕೆಟ್ಟಿತ್ತೇನೋ."

"ಕೆಟ್ಟಿತ್ತು ಭಾವ. ನಂಗೂ ಕೇಳಿಸ್ಲಿಲ್ಲ."

ಭಾವ ಕೈ ಚಾಚಿ ನನ್ನ ಜಾಕೆಟ್ಟಿನ ಜಿಪ್ಪನ್ನು ಹಳದಿ ಕಾಲರ್ ಮುಚ್ಚುವವರೆಗೆ ಮೇಲಕ್ಕೆಳೆದರು.

"ಚಳಿ ಇದೆ. ನಡಿ, ನಿಮ್ಮಕ್ಕ ಊಟಕ್ಕೆ ಕಾಯ್ತಿರ್ತಾಳೆ," ಅಂದರು.