ತಮಾದಾ ತುರ್ಸುನ್‌ನ ಒಪ್ಪಿಗೆ

ತುರ್ಸುನ್‌ನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ಗಣಿತದ ಮೇಷ್ಟ್ರ ತಮ್ಮನ ಮದುವೆಯಲ್ಲಿ. ಅವನು ಅಂದಿನ ತಮಾದಾ. ಊಟಕ್ಕೆ ಕುಳಿತವರ ಮುಂದೆ ಮೈಕು ಹಿಡಿದು ನಿಂತು, ಒಬ್ಬೊಬ್ಬರನ್ನೂ ಹೊಗಳಿ, ಪ್ರತಿ ಹೊಗಳಿಕೆಗೂ ಎಲ್ಲರಿಂದ ಲೋಟ ಎತ್ತಿಸುವುದು ಅವನ ಕಸುಬು. ನನ್ನ ಬಳಿ ಬಗ್ಗಿ, "ನಿಮ್ ಹೆಸರೇನು?" ಎಂದು ಪಿಸುಗುಟ್ಟಿದ. ಹೇಳಿದೆ. ಮರುಗಳಿಗೆಯೇ ಮೈಕಿನಲ್ಲಿ, "ಇಪ್ಪತ್ತು ವರ್ಷದಿಂದ ನನ್ನ ಎದೇಲಿ ಕೂತಿರೋ ಗೆಳೆಯ, ಸಮರ್ಖಂದದ ಸೂರ್ಯ, ಅಸ್ರೋರ್ ಮುಅಲ್ಲಿಮ್!" ಎಂದು ಕೂಗಿದ. ಸಂಜೆಯೊಳಗೆ ಊರಿಗೆ ಹನ್ನೊಂದು ಮಂದಿ ಸೂರ್ಯರಾದರು.

ಮುಅಲ್ಲಿಮ್ ಅಂದರೆ ಮೇಷ್ಟ್ರು; ಮೂವತ್ತೈದು ವರ್ಷ ಪಾಠ ಹೇಳಿದವನು ನಾನು. ದಡ್ಡರನ್ನು ಪ್ರೀತಿಸಿದ್ದೇನೆ, ತುಂಟರನ್ನು ಇನ್ನೂ ಹೆಚ್ಚು ಪ್ರೀತಿಸಿದ್ದೇನೆ. ತುರ್ಸುನ್‌ನನ್ನು ಪ್ರೀತಿಸಲು ಮಾತ್ರ ಆಗಲಿಲ್ಲ. ತಲೆಗೆ ಹಚ್ಚಿದ ಕಪ್ಪು ಬಣ್ಣ ಸದಾ ಅವನ ಕೊರಳಪಟ್ಟಿಗೆ ಇಳಿದಿರುತ್ತಿತ್ತು. ದೊಡ್ಡದೊಂದು ಗಡಿಯಾರ ಕಟ್ಟುತ್ತಿದ್ದ. ಅವನು ಅದನ್ನು ನೋಡಿದ್ದನ್ನು ಯಾರೂ ಕಂಡವರಿಲ್ಲ.

ಅವನ ಒಬ್ಬಳೇ ಮಗಳು ಸನೊಬರ್ ನನ್ನ ಶಿಷ್ಯೆ. ಮಿತಭಾಷಿ, ಅಕ್ಷರ ದುಂಡಗೆ. ಆಸ್ಪತ್ರೆಯಲ್ಲಿ ನರ್ಸ್ ಆದ ಮೇಲೆ ತಾನಾಗಿಯೇ ಓದಿ, ಕೇಳಿ, ನಮ್ಮ ಬಹಾಯಿ ಧರ್ಮದ ಮಂದಿಯನ್ನು ಸೇರಿದಳು. ತುರ್ಸುನ್‌ಗೆ ನಾವು ಕುಡಿಯದ ಜನ, ಆದ್ದರಿಂದ ಜನವೇ ಅಲ್ಲ. "ಏನ್ ಮುಅಲ್ಲಿಮ್, ಶರಬತ್ತಿನ ಸಂಘ ಹೇಗಿದೆ?" ಎಂದು ಬೀದಿಯಲ್ಲಿ ಕೂಗುತ್ತಿದ್ದ.

ಆಮೇಲೆ ಸನೊಬರ್, ಫ್ರಿಜ್ ರಿಪೇರಿ ಮಾಡುವ ಝಫರ್‌ನನ್ನು ಮದುವೆಯಾಗಲು ನಿಶ್ಚಯಿಸಿದಳು. ನಮ್ಮಲ್ಲಿ ಗಂಡುಹೆಣ್ಣು ತಾವೇ ಆರಿಸಿಕೊಳ್ಳಬಹುದು. ಆದರೆ ಬದುಕಿರುವ ತಂದೆತಾಯಿಗಳೆಲ್ಲರೂ, ಅವರು ಯಾವ ಧರ್ಮದವರೇ ಆಗಿರಲಿ, ಮನಸಾರೆ ಒಪ್ಪಬೇಕು. ಒಬ್ಬರು ಒಲ್ಲೆನೆಂದರೂ ಮದುವೆಯಿಲ್ಲ. ಝಫರ್‌ನ ತಂದೆತಾಯಿ ಆ ವಾರವೇ ಬರೆದುಕೊಟ್ಟರು. ಸನೊಬರ್‌ಳ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಉಳಿದವನು ತುರ್ಸುನ್.

ಈ ನಿಯಮ ತಿಳಿದ ದಿನ ಅವನು ಹಿಗ್ಗಿ ಹೀರೇಕಾಯಿಯಾದ.

"ನಾನೂರು ಜನ, ಮೇಜಿಗೆರಡು ಬಾಟ್ಲಿ ವೋದ್ಕಾ, ಮೈಕು ನನ್ ಕೈಲಿ. ಆಗ ಸಹಿ," ಎಂದ.

"ವೋದ್ಕಾ ಇಡೋ ಹಾಗಿಲ್ಲ, ದಾದಾ," ಎಂದಳು ಮಗಳು.

"ಹಂಗಾದ್ರೆ ಸಹಿ ಹಾಕೋ ಹಾಗೂ ಇಲ್ಲ."

ಒಂದೂವರೆ ವರ್ಷ ಹೀಗೆ ಕಳೆಯಿತು. ಸಿಯೋಬ್ ಬಜಾರಿನಲ್ಲಿ ನನ್ನನ್ನು ಕಂಡರೆ ಜೇಬಿನ ಪೆನ್ನು ತಟ್ಟಿ, "ನಿಮ್ ಇಡೀ ಧರ್ಮ ಇದರ ತುದೀಲಿ ಕೂತಿದೆ ನೋಡಿ!" ಎನ್ನುತ್ತಿದ್ದ. ಸಹಿಯಿಲ್ಲದೆ ಓಡಿಹೋಗಬಹುದಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಸನೊಬರ್ ಅಂಥವಳಲ್ಲ.

ಆ ವರ್ಷ ನಮ್ಮ ಧರ್ಮದ ಸ್ಥಾಪಕ ಬಹಾವುಲ್ಲಾರ ಜನ್ಮದಿನ ಖರ್ಜೂರದಷ್ಟು ಸಿಹಿಯಾದ ಪರ್ಸಿಮನ್ ಹಣ್ಣಿನ ಕಾಲಕ್ಕೆ ಬಂತು. ಹಿಂದಿನ ದಿನ, ಅವರ ಬರವನ್ನು ಮೊದಲೇ ಸಾರಿದ ಬಾಬ್‌ರ ಜನ್ಮದಿನ. ಎರಡೂ ಹಬ್ಬ ಒಂದರ ಬೆನ್ನಿಗೆ ಒಂದು. ಸೂರ್ಯ ಮುಳುಗಿದೊಡನೆ ನಮ್ಮ ದಿನ ಹುಟ್ಟುತ್ತದೆ. ನಮ್ಮ ಮಂದಿಗೆಲ್ಲ ಚಿಕ್ಕಮ್ಮನಂತಿದ್ದ ಮುದುಕಿ ರೈಹಾನ್ ಖೋಲಾಳ ಅಂಗಳದಲ್ಲಿ ಪುಲಾವಿನ ಕಡಾಯಿ ಏರಿತ್ತು. ಕ್ಯಾರೆಟ್ ಹೆಚ್ಚಿದ್ದು ಪಕ್ಕದ ಮನೆಯ ಮುಸಲ್ಮಾನ ಹೆಂಗಸರು, ದೀಪ ಕಟ್ಟಿದ್ದು ಮಕ್ಕಳು. ಹಬ್ಬಕ್ಕೆ ಯಾರು ಬೇಕಾದರೂ ಬರಬಹುದು. ಬಂದವರಲ್ಲಿ ತುರ್ಸುನ್ ಕೂಡ ಇದ್ದ, ಹೊಳೆಯುವ ಕೋಟು ತೊಟ್ಟು, ಕೈಯಲ್ಲಿ ಕಾಗದದ ಸುರುಳಿ ಹಿಡಿದು. ಸನೊಬರ್ ಚಹಾದ ತಟ್ಟೆ ಹಿಡಿದು ಬಂದು ಮೊದಲ ಬಟ್ಟಲನ್ನು ಅವನಿಗೇ ಕೊಟ್ಟಳು.

ನಮ್ಮಲ್ಲಿ ಪುರೋಹಿತರಿಲ್ಲ. ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥನೆ ಹೇಳಿದೆವು. ರೈಹಾನ್ ಖೋಲಾ ಹುಟ್ಟಿನ ಕಥೆ ಹೇಳಿದಳು: ತೆಹರಾನಿನಲ್ಲಿ ಬೆಳಗಿನ ಜಾವ ಮಗು ಹುಟ್ಟಿದ್ದು, ಅದು ಎಂದೂ ಅಳದಿದ್ದುದಕ್ಕೆ ತಾಯಿ ಬೆರಗಾದದ್ದು. ತುರ್ಸುನ್ ಕಾಲು ಕುಣಿಸುತ್ತಿದ್ದ. ಸಭೆಗೊಬ್ಬ ಯಜಮಾನ ಇಲ್ಲದಿರುವುದನ್ನು ಅವನಿಂದ ಸಹಿಸಲಾಗಲಿಲ್ಲ. ಕಥೆಯ ಬೆನ್ನಿಗೆ ಮಕ್ಕಳು ಶುರುಮಾಡಿದ ಹಾಡು ಮುಗಿಯುವ ಮೊದಲೇ ಎದ್ದು, ದಾಳಿಂಬೆ ರಸದ ಲೋಟ ಎತ್ತಿದ.

"ಬಂಧುಗಳೇ! ಈ ತಂದೆ ಇವತ್ತು ತನ್ನ ಹೃದಯಾನೇ ಬರ್ಕೊಂಡು ತಂದಿದ್ದಾನೆ!"

ಸುರುಳಿ ಬಿಚ್ಚಿದ. ನಾಲ್ಕು ಹಾಳೆ. ತಾನು ಹುಟ್ಟಿದ ಓಣಿ, ತಾನು ನಡೆಸಿದ ಆರು ನೂರು ಮದುವೆ, ತಾಷ್ಕೆಂಟಿನ ಮಂತ್ರಿಯೊಬ್ಬ ತನ್ನ ಕೈ ಕುಲುಕಿದ್ದು. ಮಗಳ ಹೆಸರು ಮೂರನೆಯ ಹಾಳೆಯಲ್ಲಿ ಬಂತು, ತನ್ನಂತೆಯೇ ಹುಬ್ಬುಳ್ಳವಳು ಎಂದು. ಝಫರ್‌ನ ಹೆಸರು ಬರಲೇ ಇಲ್ಲ. ಅನ್ಯರ ಹುಟ್ಟುಹಬ್ಬದಲ್ಲಿ ತನ್ನ ಹುಟ್ಟನ್ನು ಹೊಗಳಿಕೊಂಡ ಮನುಷ್ಯನನ್ನು ನಾನು ಕಂಡದ್ದು ಅದೊಂದೇ ಸಲ. ಮುಗಿಸಿ ಲೋಟ ಎತ್ತಿದಾಗ ಯಾರೂ ಎತ್ತಲಿಲ್ಲ. ಎತ್ತಬೇಕೆಂದು ನಮ್ಮವರಿಗೆ ಹೊಳೆಯಲೂ ಇಲ್ಲ.

"ಚೆನ್ನಾಗಿ ಓದಿದೆ, ತುರ್ಸುನ್," ಎಂದಳು ರೈಹಾನ್ ಖೋಲಾ. "ಒಪ್ಪಿಗೆ ಅದರಲ್ಲಿ ಎಲ್ಲಿದೆಯಪ್ಪ? ನಂಗೆ ಕಿವಿ ಮಂದ."

"ಅದು ಕೊನೇ ಹಾಳೆ, ಖೋಲಾ. ಮದುವೆ ದಿನ ಮೈಕು ನನ್ ಕೈಗೆ ಬಂದಾಗ ಓದ್ತೀನಿ. ಬಾಟ್ಲಿ ಮೇಜಿನ ಮೇಲಿದ್ದಾಗ."

ಎಲ್ಲರ ಕಣ್ಣೂ ಸನೊಬರ್ ಕಡೆಗೆ. ಝಫರ್ ತಲೆ ತಗ್ಗಿಸಿದ. ಅವಳು ತಟ್ಟೆಯನ್ನು ಕೆಳಗಿಟ್ಟು ತಂದೆಯ ಎದುರು ನಿಂತಳು.

"ದಾದಾ, ನಾನು ಓಡಿಹೋಗಲ್ಲ. ನಿಮ್ಮ ಷರತ್ತಿಗೂ ಒಪ್ಪಲ್ಲ. ನಿಮ್ಮ ಮನೇಲೇ ಇರ್ತೀನಿ, ನಿಮಗೆ ಚಹಾ ಮಾಡ್ಕೊಂಡು. ಐವತ್ತು ವರ್ಷ ಆದ್ರೂ ಸರಿ. ಈಗ ಕೂತ್ಕೊಳ್ಳಿ, ಮಕ್ಕಳು ಹಾಡು ಮುಗಿಸೋದಿದೆ."

ಅವನು ಕುಳಿತ. ಎರಡು ತಟ್ಟೆ ಪುಲಾವು ತಿಂದು, ಮಾಂಸ ಗಟ್ಟಿಯೆಂದು ದೂರಿ, ಹೋದ. ವಸಂತದೊಳಗೆ ಹುಡುಗಿ ಸೋತು ಬರುತ್ತಾಳೆಂದು ದಾರಿಯಲ್ಲಿ ನನಗೆ ಹೇಳಿದ.

ವಸಂತಕ್ಕೆ ಸೋತವನು ಅವನೇ. ಅಂಗಳದ ಮಾತು ಓಣಿಗೆ ಹಬ್ಬಿ, ಮದುಮಕ್ಕಳ ತಾಯಂದಿರು ಅವನನ್ನು ಕರೆಯುವುದನ್ನು ಬಿಟ್ಟರು. "ಸ್ವಂತ ಮಗಳಿಗೆ ಹೂಂ ಅನ್ನದವನು ನಮ್ಮ ಮಗಳನ್ನ ಏನು ಹರಸ್ತಾನೆ?" ಎಂದು ಒಬ್ಬಳು ಬಾಯಿಬಿಟ್ಟೇ ಅಂದಳಂತೆ. ಅತ್ತ ಮಗಳು ನುಡಿದಂತೆ ಹೊತ್ತುಹೊತ್ತಿಗೆ ಚಹಾ ಕೊಡುತ್ತಿದ್ದಳು, ಒಂದು ಬಿರುಸು ಮಾತೂ ಆಡದೆ. ಮೇ ತಿಂಗಳ ಒಂದು ಬೆಳಿಗ್ಗೆ ತುರ್ಸುನ್ ನನ್ನ ಬಾಗಿಲಿಗೆ ಬಂದು, ಒಂದೇ ಸಾಲಿನ ಒಪ್ಪಿಗೆಯ ಕಾಗದ ಚಾಚಿದ.

"ಯಾರ ಒತ್ತಾಯಾನೂ ಇಲ್ಲ ತಾನೆ, ತುರ್ಸುನ್ ಅಕಾ?" ಎಂದು ಅಣ್ಣನೆಂದೇ ಕರೆದು ಕೇಳಿದೆ. ಒಪ್ಪಿಗೆ ಮನಸಾರೆ ಕೊಟ್ಟದ್ದೇ ಎಂದು ಕೇಳಲೇಬೇಕಿತ್ತು.

"ನನ್ನ ಯಾರು ಒತ್ತಾಯ ಮಾಡ್ತಾರೆ? ತಂದೆ ಕರುಳು, ಮುಅಲ್ಲಿಮ್!" ಎಂದ. ಕರುಳೋ, ಖಾಲಿ ಬಿದ್ದ ಮೈಕೋ, ನಾನು ಕೆದಕಲಿಲ್ಲ. ಕೆದಕಿದ್ದರೆ ಸನೊಬರ್ ಇನ್ನೂ ಕಾಯಬೇಕಾಗುತ್ತಿತ್ತು.

ಇಬ್ಬರು ಸಾಕ್ಷಿಗಳ ಮುಂದೆ ಮದುಮಕ್ಕಳು ಒಂದೊಂದು ವಾಕ್ಯ ಹೇಳಿದರು, ಮದುವೆಯಾಯಿತು. ಸಾಕ್ಷಿಗಳಲ್ಲಿ ಒಬ್ಬ ನಾನು. ಗೋಡೆಗೊರಗಿ ಕುಳಿತ ತುರ್ಸುನ್, "ಮೂಗರ ಮದುವೆ," ಎಂದು ಎರಡು ಸಲ ಹೇಳಿದ. ಸನೊಬರ್ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಈಗ ಅವನಿಗೆ ಅರುವತ್ತೆಂಟು. ಕಸುಬು ಮತ್ತೆ ಕುದುರಿದೆ. ವಾರಕ್ಕೆ ಮೂರು ಮದುವೆ ನಡೆಸುತ್ತಾನೆ. ಎಲ್ಲರೂ ಬೇಡಿ ಕೇಳುವ ಅವನ ಭಾಷಣಕ್ಕೆ 'ತಂದೆಯ ಒಪ್ಪಿಗೆ' ಎಂದು ಹೆಸರು. ಅದರಲ್ಲಿ ಅವನು ಹಬ್ಬದ ದೀಪಗಳ ನಡುವೆ ಮಗಳ ಕೈಯನ್ನು ತಾನೇ ಎತ್ತಿ ಅಳಿಯನ ಕೈಗಿಡುತ್ತಾನೆ, ಜನ ಬೇಡವೆಂದರೂ ಸಹಿ ಹಾಕುತ್ತಾನೆ, ಬಿಕ್ಕುತ್ತಾನೆ. ಹೆಂಗಸರು ಅಳುತ್ತಾರೆ. ಅವನು ಕರವಸ್ತ್ರದಿಂದ ಒಣಗಿದ ಕಣ್ಣೊರೆಸಿಕೊಂಡು, ಲೋಟ ತುಂಬಿಸಿಕೊಂಡು, ಮುಂದಿನ ಮೇಜಿನ ಕಡೆಗೆ ಹೋಗುತ್ತಾನೆ.