ಕೋಬಾಲ್ ಕಲಿಸಿದ ದಸ್ತಗೀರ್ ಸರ್

ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು ದಸ್ತಗೀರ್ ಸರ್ ಕಣ್ಣಿನಿಂದ ನೋಡುತ್ತಿರಲಿಲ್ಲ. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, “ಓದಿ ಹೇಳು ತಂಗಿ” ಎನ್ನುತ್ತಿದ್ದರು. ಸರಿಯಿದ್ದರೆ “ತಿಳೀತು” ಎಂಬ ಒಂದೇ ಮಾತು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಯಾರೂ ಕೇಳಿದ್ದಿಲ್ಲ.

ಎಪ್ಪತ್ತರ ದಶಕದ ಮೊದಲಿಗೆ ಮುಂಬಯಿಯ ವಿಕ್ರೋಳಿಯಲ್ಲಿದ್ದ ನಮ್ಮ ಕಾರ್ಖಾನೆಯ ಸಂಬಳದ ಲೆಕ್ಕ ಕಂಪ್ಯೂಟರಿಗೆ ಹೋಗುವುದೆಂದಾಯಿತು. ಲೆಕ್ಕ ಬರೆಯುತ್ತಿದ್ದ ನಮ್ಮಲ್ಲಿ, ಪ್ರೋಗ್ರಾಮ್ ಕಲಿತು ಪರೀಕ್ಷೆ ದಾಟಿದವರಿಗಷ್ಟೇ ಕೆಲಸ. ಅಪ್ಪ ತೀರಿಕೊಂಡಿದ್ದರು, ಮನೆ ನಡೆಯುತ್ತಿದ್ದುದು ನನ್ನ ದುಡಿಮೆಯಲ್ಲೇ. ಕಲಿಸಲು ಬಂದವರು ವಿಜಾಪುರ ಕಡೆಯ ದಸ್ತಗೀರ್ ಸರ್.

ಮ್ಯಾನೇಜರಿಗೆ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಬೇಕಿತ್ತು, ಸರ್ ಕಲಿಸಹೊರಟದ್ದು ಕೋಬಾಲ್. ಇಂಜಿನಿಯರುಗಳೆಲ್ಲ ಬರೆಯುವುದು ಅದನ್ನೇ, ಒಂದು ಸಾಲಿನಲ್ಲಿ ಮುಗಿಯುವುದಕ್ಕೆ ಕೋಬಾಲ್‌ನಲ್ಲಿ ಪುಟಗಟ್ಟಲೆ ಹರಟೆ ಎಂದು ಅವರ ವಾದ. ಸರ್ ಜಗ್ಗಲಿಲ್ಲ. ಅವರ ಕೋಣೆಯಿಂದ ಹೊರಗೆ ಬಂದು ನನಗೆ ಕನ್ನಡದಲ್ಲಿ ಹೇಳಿದರು:

“ಹರಟಿನ ಇರಲಿ. ಮಷಿನ್‌ಗೆ ಎರಡೂ ಒಂದ. ತಪ್ಪಾದಾಗ ಹುಡುಕಾವ್ರು ನೀವು. ನೀವು ಓದಿದ್ರ ನಿಮಗ ತಿಳೀಬೇಕು.”

ಕೋಬಾಲ್‌ನ ಸಾಲುಗಳು ನನ್ನ ಮೆಟ್ರಿಕ್ ಇಂಗ್ಲಿಷಿಗೂ ಎಟುಕುವ ಅಪ್ಪಣೆಗಳಂತಿದ್ದವು: ಹಾಜರಿ ಓದು, ಓವರ್‌ಟೈಮ್ ಕೂಡಿಸು, ರಜೆ ಕಳೆ, ಚೀಟಿ ಬರೆ. ನಾವು ದಿನವೂ ಮಾಡುತ್ತಿದ್ದ ಕೆಲಸವೇ. ಆದರೂ ಭಯ ಹೋಗಿರಲಿಲ್ಲ.

ಪರೀಕ್ಷೆಯೆಂದರೆ ಪ್ರೋಗ್ರಾಮನ್ನು ಮುಂಬಯಿಯ ಇನ್ನೊಂದು ತುದಿಯ ಫೋರ್ಟ್ ಬಡಾವಣೆಯಲ್ಲಿದ್ದ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸುವುದು. ಒಂದೊಂದು ಸಾಲಿಗೆ ತೂತು ಹೊಡೆದ ಒಂದೊಂದು ಕಾರ್ಡು, ಕ್ರಮ ತಪ್ಪಿದರೆ ಓಡದು. ಆ ಬೆಳಿಗ್ಗೆ ಸರ್ ಕುರ್ಲಾದಲ್ಲಿ ನಾನಿದ್ದ ಲೋಕಲ್ ರೈಲನ್ನೇ ಹತ್ತುವವರಿದ್ದರು. ಅವರು ಕಾಣುತ್ತಾರೇನೋ ಎಂದು ಬಾಗಿಲಿಗೆ ಬಂದವಳನ್ನು ಇಳಿಯುವ ಜನ ಪ್ಲಾಟ್‌ಫಾರ್ಮಿಗೇ ತಳ್ಳಿದರು. ಕೈಯಲ್ಲಿದ್ದ ಕಟ್ಟಿನ ರಬ್ಬರ್ ಬ್ಯಾಂಡ್ ಹರಿದು ಕಾರ್ಡುಗಳೆಲ್ಲ ಚೆಲ್ಲಾಪಿಲ್ಲಿಯಾದವು. ನನಗೆ ಅಳು ಬಂತು.

ಸರ್ ಓಡಿ ಬಂದರು. ಬೈಯಲಿಲ್ಲ. ನನ್ನೊಡನೆ ಕಾರ್ಡುಗಳನ್ನು ಆಯ್ದು, ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದರು.

“ಓದಿ ಹೇಳು ತಂಗಿ. ಮೊದಲ ಏನಾಗಬೇಕು?”

ಕಾರ್ಡಿನ ಮೇಲಂಚಿನ ಅಕ್ಷರಗಳನ್ನು ಓದುತ್ತಾ ಹೋದೆ. ಹಾಜರಿ ಓದದೆ ಕೂಡಿಸುವುದೇನನ್ನು? ರಜೆ ಕಳೆಯದೆ ಚೀಟಿ ಬರೆಯುವುದು ಹೇಗೆ? ಅವರು “ಅದರ ಮುಂದ?” ಎಂದಷ್ಟೇ ಕೇಳುತ್ತಿದ್ದರು. ಲೋಕಲ್‌ಗಳು ಬಂದು ಹೋದವು. ಕೊನೆಯ ಕಾರ್ಡು ಸೇರಿಸಿದಾಗ “ತಿಳೀತು” ಎಂದರು. ಫೋರ್ಟಿನಲ್ಲಿ ಯಂತ್ರ ಸಂಬಳದ ಚೀಟಿಗಳನ್ನು ಸರಿಯಾಗಿ ಅಚ್ಚು ಹಾಕಿದಾಗ ಗೋಡೆಗೊರಗಿ ಉಸಿರು ಬಿಟ್ಟೆ. ಕೆಲಸ ಉಳಿಯಿತು.

ಕೆಲವು ವರ್ಷಗಳ ಮೇಲೆ ಹೊಸಬರಿಗೆ ಕಲಿಸುವ ಪಾಳಿ ನನ್ನದಾಯಿತು. ಆಗ ಸರ್ ಕುರ್ಲಾದ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದಾಗ, ಯಾವ ಭಾಷೆ ಆರಿಸಿದೆ ಎಂದು ಕೇಳಿದರು. ಮ್ಯಾನೇಜರ್ ಮತ್ತೆ ಫೋರ್ಟ್ರಾನ್ ಅಂದರು, ನಾನು ಒಪ್ಪಲಿಲ್ಲ ಎಂದೆ. ಹರಟೆಮಲ್ಲಿ ಎಂದು ನಕ್ಕರು. ಹೊಸಬರಿಗೆಂದು ಬರೆದ ಮೊದಲ ಪಾಠ ಓದಿ ಹೇಳಿದೆ. ಕಣ್ಣು ಮುಚ್ಚಿದ್ದರು, ನಿದ್ದೆ ಹತ್ತಿರಬೇಕು ಅಂದುಕೊಂಡೆ.

“ತಿಳೀತು,” ಎಂದರು.

ಆ ವಾರವೇ ಹೋದರು. ನರಳಲಿಲ್ಲವಂತೆ, ಅದೊಂದು ಸಮಾಧಾನ. ಸೋಮವಾರ ಕ್ಲಾಸಿನಲ್ಲಿ ಒಬ್ಬಳು ತಾನು ಬರೆದ ಹಾಳೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಕನ್ನಡಕ ತೆಗೆದಿಟ್ಟೆ.